ನಜೀಬ್ ರಿವ್ಯೂ ಬಿಟ್ಟ ಮೇಲೆ

"ಇದು ಓದುವುದಿಲ್ಲ. ಊಹೆ ಮಾಡ್ತದೆ."

ಮೀಟಿಂಗ್ ಕೋಣೆಯ ಪರದೆಯ ಮೇಲೆ ಜುಮಾನಾ ಬರೆದ ಕೋಡ್ ಇತ್ತು. ಅವಳು ಆ ಕಂಪನಿಗೆ ಸೇರಿ ಇನ್ನೂ ವಾರವಾಗಿರಲಿಲ್ಲ. ಮಾತಾಡಿದವನನ್ನು ಅವಳು ನೋಡುತ್ತಿದ್ದದ್ದು ಅದೇ ಮೊದಲು.

ನಜೀಬ್. ಹೊಸಬರ ಕೋಡ್ ಓದಿ ತಿದ್ದುವವನು, ಅಂದರೆ ರಿವ್ಯೂ ಮಾಡುವವನು. ಅವನು ಒಪ್ಪಿದರೆ ಮಾತ್ರ ಅದು ಮುಂದೆ ಹೋಗುತ್ತಿತ್ತು.

"ಯಾಕೆ ಊಹೆ?" ಜುಮಾನಾ ಕೇಳಿದಳು.

"ಕೋಟ್ ಒಳಗೆ ಮುಚ್ಚುವ ಚಿಹ್ನೆ ಬಂದರೆ ಎಂತ ಮಾಡ್ತೀರಿ?"

"ಯಾರು ಹಾಗೆ ಬರೀತಾರೆ?"

"ಒಬ್ಬ ಬರೀತಾನೆ. ಅವನೇ ಶುಕ್ರವಾರ ಸಂಜೆ ಫೋನ್ ಮಾಡಿ ಬೈತಾನೆ."

ಎಲ್ಲರೂ ನಕ್ಕರು. ಜುಮಾನಾ ನಗಲಿಲ್ಲ. ಅವನೂ ನಗಲಿಲ್ಲ.

ಎಂತ ಅಹಂಕಾರ ಇವನಿಗೆ... ಎಂದುಕೊಂಡಳು.

ಮಣಿಪಾಲದ ಆ ಸಣ್ಣ ಕಂಪನಿ ಮಾಡುತ್ತಿದ್ದದ್ದು ಒಂದೇ ಸಾಧನ. ಪ್ರೋಗ್ರಾಮರ್‌ಗಳು ತಮ್ಮ ಕೋಡಿನ ಮೇಲ್ಗಡೆ, ಇದು ಏನು ಮಾಡುತ್ತದೆ ಎಂದು ಟಿಪ್ಪಣಿ ಬರೆದಿಡುತ್ತಾರೆ. ಆ ಟಿಪ್ಪಣಿಗಳನ್ನು ಹೆಕ್ಕಿ, ಮನುಷ್ಯರು ಓದುವಂಥ ವೆಬ್ ಪುಟ ಮಾಡಿಕೊಡುವುದು ಅದರ ಕೆಲಸ. ಟಿಪ್ಪಣಿಯಲ್ಲಿ ಅಕ್ಷರ ದಪ್ಪ ಮಾಡುವ ಬರಿಯ ಎಚ್‌ಟಿಎಂಎಲ್ ಟ್ಯಾಗ್ ಇದ್ದರೆ ತೊಂದರೆಯಿಲ್ಲ. ಟ್ಯಾಗಿನೊಳಗೆ ಲಿಂಕಿನ ವಿಳಾಸವೋ ಚಿತ್ರದ ಅಗಲವೋ ಸೇರಿಕೊಂಡರೆ, ಅಂದರೆ ಆಟ್ರಿಬ್ಯೂಟ್ ಇದ್ದರೆ, ಅದು ಟ್ಯಾಗ್ ಎಂದೇ ಸಾಧನಕ್ಕೆ ಗೊತ್ತಾಗುತ್ತಿರಲಿಲ್ಲ. ಎಲ್ಲವನ್ನೂ ಕಸದ ಹಾಗೆ ಪುಟದ ನಡುವೆ ಸುರಿದುಬಿಡುತ್ತಿತ್ತು.

ಅದನ್ನು ಸರಿಮಾಡುವುದು ಜುಮಾನಾಳ ಪಾಲಿಗೆ ಬಂದಿತ್ತು. ಸರಿಮಾಡಿದರೆ ಕೆಲಸ ಕಾಯಂ.

ಅವಳು ಸುಲಭದ ದಾರಿ ಹಿಡಿದಿದ್ದಳು. ಟ್ಯಾಗ್ ತೆರೆಯುವ ಚಿಹ್ನೆಯಿಂದ ಮೊದಲು ಸಿಗುವ ಮುಚ್ಚುವ ಚಿಹ್ನೆಯವರೆಗೆ ಎಲ್ಲವೂ ಟ್ಯಾಗ್ ಎಂದು ಬರೆದಿದ್ದಳು. ಮನೆಗೆ ಹೋಗಿ ಅವನು ಹೇಳಿದ್ದನ್ನು ಮಾಡಿ ನೋಡಿದಳು. ಕೋಟ್, ಅಂದರೆ ಉದ್ಧರಣ ಚಿಹ್ನೆಗಳ ನಡುವೆ ಬರೆದ ಚಿತ್ರದ ಹೆಸರಿನೊಳಗೆ ಮುಚ್ಚುವ ಚಿಹ್ನೆಯೊಂದನ್ನು ಇಟ್ಟಳು. ಟ್ಯಾಗ್ ಅಲ್ಲೇ ತುಂಡಾಯಿತು. ಉಳಿದರ್ಧ ಪುಟದ ಮೇಲೆ ಬಿತ್ತು.

ಅವನು ಹೇಳಿದ್ದು ಸರಿ. ಅದಕ್ಕೇ ಹೆಚ್ಚು ಸಿಟ್ಟು ಬಂತು.

ಮರುದಿನ ಅವನೇ ಅವಳ ಮೇಜಿನ ಬಳಿ ಕುರ್ಚಿ ಎಳೆದುಕೊಂಡು ಕೂತ.

"ಒಂದೊಂದೇ ಅಕ್ಷರ ಓದಬೇಕು. ಈಗ ಎಲ್ಲಿದ್ದೇನೆ ಅಂತ ಪ್ರತಿ ಅಕ್ಷರಕ್ಕೂ ಗೊತ್ತಿರಬೇಕು. ಟ್ಯಾಗಿನ ಹೆಸರಿನಲ್ಲಿದ್ದೇನಾ, ಆಟ್ರಿಬ್ಯೂಟಿನ ಹೆಸರಿನಲ್ಲಾ, ಕೋಟ್ ಒಳಗಾ. ಕೋಟ್ ಒಳಗಿದ್ದರೆ ಮುಚ್ಚುವ ಚಿಹ್ನೆಗೆ ಬೆಲೆ ಇಲ್ಲ."

"ಮೊದಲೇ ಹೀಗೆ ಹೇಳಬಹುದಿತ್ತು. ಎಲ್ಲರ ಎದುರು ಹೇಳಬೇಕಿರಲಿಲ್ಲ."

ಅವನು ತಲೆಯಾಡಿಸಿದ. "ಹೌದು. ಅದು ತಪ್ಪಾಯ್ತು."

ಅಷ್ಟು ಸಲೀಸಾಗಿ ತಪ್ಪು ಒಪ್ಪುವ ಗಂಡಸನ್ನು ಜುಮಾನಾ ಹೆಚ್ಚು ನೋಡಿರಲಿಲ್ಲ.

ಆಮೇಲೆ ಅವಳ ಕೋಡಿನ ಮೇಲೆ ಅವನ ರಿವ್ಯೂ ಟಿಪ್ಪಣಿಗಳು ದಿನಾ ಬರುತ್ತಿದ್ದವು. ಒಂದೂ ಮೆತ್ತಗಿರಲಿಲ್ಲ. 'ಆಟ್ರಿಬ್ಯೂಟಿನ ವ್ಯಾಲ್ಯೂಗೆ ಕೋಟ್ ಇಲ್ಲದಿದ್ದರೆ?' 'ವ್ಯಾಲ್ಯೂವೇ ಇಲ್ಲದ ಆಟ್ರಿಬ್ಯೂಟ್ ಮರೆತಿರಾ?' 'ಈ ಹೆಸರು ಸೋಮಾರಿ ಹೆಸರು.' ಬೆಳಿಗ್ಗೆ ಬಂದ ಕೂಡಲೇ ಅವಳು ಮೊದಲು ಅದನ್ನೇ ತೆರೆಯುತ್ತಿದ್ದಳು. ಬಯ್ಗುಳ ಓದಲು ಇಷ್ಟು ಆತುರ ಯಾಕೆ ಎಂದು ಕೇಳಿಕೊಳ್ಳಲಿಲ್ಲ.

ಒಂದು ದಿನ ಅವನ ಟಿಪ್ಪಣಿಯೇ ತಪ್ಪಾಗಿತ್ತು. ಅವಳು ತೋರಿಸಿದಳು. ಅವನು ಪರದೆ ನೋಡಿದ, ಆಮೇಲೆ ಅವಳನ್ನು ನೋಡಿದ. ನೋಡಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು.

"ನೀವು ಗೆದ್ದಿರಿ," ಎಂದ.

ಅವತ್ತು ಪರ್ಕಳದ ಬಾಡಿಗೆ ರೂಮಿಗೆ ಅವಳು ನಡೆದೇ ಹೋದಳು. ಬಸ್ಸುಗಳು ಪಕ್ಕದಲ್ಲೇ ಹೋದವು, ಕೈ ಅಡ್ಡ ಹಿಡಿಯಲು ನೆನಪಾಗಲಿಲ್ಲ.

ಅದರ ಮರುವಾರವೇ ಆ ಮೇಲ್ ಬಂತು. ಯಂತ್ರ ಕಳಿಸುವ ಮೇಲ್, ಒಂದೇ ಸಾಲು. ನಜೀಬ್ ಅವರು ಈ ರಿವ್ಯೂನಿಂದ ಹೊರಬಂದಿದ್ದಾರೆ.

ಕಾರಣ ಇರಲಿಲ್ಲ.

ಜುಮಾನಾ ಅವನ ಮೇಜಿನತ್ತ ನೋಡಿದಳು. ಅವನು ತಲೆ ಎತ್ತಲಿಲ್ಲ. ಟೀ ಹೊತ್ತಿಗೆ ಅವನು ಮೇಲಿನ ಮಹಡಿಗೆ ಹೋದ. ಮರುದಿನವೂ ಅಷ್ಟೆ.

ರೂಮಿನಲ್ಲಿ ಜೊತೆಗಿದ್ದ ಸ್ವರ್ಣಲತಾ ಅದೇ ಆಫೀಸಿನವಳು, ಅವಳಿಗಿಂತ ಹಳಬಳು. ಅನ್ನಕ್ಕೆ ನೀರಿಡುತ್ತಾ ಹೇಳಿದಳು, "ಬೇಜಾರು ಮಾಡಬೇಡ ಮಾರಾಯ್ತಿ. ಆದರೆ ನಮ್ಮಲ್ಲಿ ರಿವ್ಯೂ ಯಾರೂ ನಡುವೆ ಬಿಡುವುದಿಲ್ಲ. ಹಿಂದೆ ಒಬ್ಬ ಹುಡುಗನದ್ದು ನಜೀಬ್ ಬಿಟ್ಟಿದ್ದ. ತಿದ್ದಿ ಪ್ರಯೋಜನ ಇಲ್ಲ ಅಂತ. ಆ ಹುಡುಗ ಈಗ ಇಲ್ಲ."

"ಸತ್ತನಾ?"

"ಸಾಯಲಿಲ್ಲ. ಕಾಪುವಿನಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ನಮಗಿಂತ ಚೆನ್ನಾಗಿದ್ದಾನೆ."

ಜುಮಾನಾ ನಗಲು ನೋಡಿದಳು. ಬರಲಿಲ್ಲ.

ಕೆಲಸ ಹೋದರೆ ಇನ್ನೊಂದು ಸಿಗುತ್ತದೆ. ಹೆಚ್ಚೆಂದರೆ ಸ್ವಲ್ಪ ದಿನ ಉಚ್ಚಿಲದ ಮನೆಯಲ್ಲಿ ಹೆತ್ತ ಉಮ್ಮನ ಮುಖ ನೋಡಿಕೊಂಡು ಕೂರಬೇಕು. ಅದು ಅವಳನ್ನು ಕೊರೆಯಲಿಲ್ಲ. ಕೊರೆದದ್ದು ಒಂದೇ... ತಿದ್ದಲೂ ಲಾಯಕ್ಕಿಲ್ಲದವಳು ಎಂದು ನಜೀಬ್ ತೀರ್ಮಾನಿಸಿದನೇ? ಹಾಗಾದರೆ ಆ ನೋಟ ಏನು? ಅದೂ ನನ್ನದೇ ಊಹೆಯೇ?

ರಿವ್ಯೂ ಶ್ರವಣ್ ಕೈಗೆ ಹೋಯಿತು. ಒಳ್ಳೆಯ ಹುಡುಗ. ಎಲ್ಲದಕ್ಕೂ 'ಸೂಪರ್' ಎಂದು ಬರೆಯುತ್ತಿದ್ದ. ಜುಮಾನಾ ಅದನ್ನು ಓದಿ ಮುಚ್ಚಿಬಿಡುತ್ತಿದ್ದಳು. ಬೈಯುವವರಿಲ್ಲದ ಕೋಡ್ ಬರೆಯುವುದು ಯಾರೂ ಉಣ್ಣದ ಮನೆಯಲ್ಲಿ ಅಡುಗೆ ಮಾಡಿದ ಹಾಗಿತ್ತು.

ಕೊನೆಗೆ ಅವಳೇ ಎರಡು ಪಾತ್ರ ವಹಿಸತೊಡಗಿದಳು. ಒಂದು ಸಾಲು ಬರೆಯುವುದು. ಆಮೇಲೆ ಅವನ ಧ್ವನಿಯಲ್ಲಿ ಕೇಳುವುದು, ಟ್ಯಾಗ್ ಎರಡು ಸಾಲಿಗೆ ಹರಡಿದರೆ ಎಂತ ಮಾಡ್ತೀರಿ? ಜೋಡಿ ಗೆರೆಯ ಕೋಟ್ ಬದಲು ಒಂಟಿ ಗೆರೆಯದು ಹಾಕಿದರೆ? ಬಸ್ಸಿನಲ್ಲಿ, ಬಟ್ಟೆ ಒಗೆಯುವಾಗ, ಆ ಧ್ವನಿ ಅವಳ ತಲೆಯೊಳಗೆ ಇರುತ್ತಿತ್ತು. ಅದು ಕೋಡಿನ ಬಗ್ಗೆಯೇ ಮಾತಾಡುತ್ತಿತ್ತು. ಅವಳಿಗೆ ಅಷ್ಟೇ ಸಾಕಿತ್ತು... ಸಾಕಿರಲಿಲ್ಲ.

ಶುಕ್ರವಾರ ಶ್ರವಣ್ ಎಲ್ಲವನ್ನೂ ಪಾಸ್ ಮಾಡಿದ. ಸೋಮವಾರ ಅದು ಗ್ರಾಹಕರಿಗೆ ಹೋಗುತ್ತದೆ. ಅವಳ ಕೆಲಸವೂ ಅವತ್ತೇ ಕಾಯಂ. ಸ್ವರ್ಣಲತಾ ಐಸ್‌ಕ್ರೀಮ್ ಕೊಡಿಸಬೇಕೆಂದು ಹಟ ಹಿಡಿದಳು.

ಬ್ಯಾಗ್ ಹೆಗಲಿಗೆ ಹಾಕಿಕೊಂಡಾಗ ಆ ಧ್ವನಿ ಮತ್ತೆ ಕೇಳಿತು. ಕೋಟ್ ತೆರೆದವನು ಮುಚ್ಚಲು ಮರೆತರೆ?

ಜುಮಾನಾ ಬ್ಯಾಗ್ ಕೆಳಗಿಟ್ಟು ಪರೀಕ್ಷಿಸಿದಳು. ಮುಚ್ಚದ ಕೋಟ್ ಒಳಗೆ ಹೊಕ್ಕ ಪ್ರೋಗ್ರಾಂ ಹೊರಗೆ ಬರಲೇ ಇಲ್ಲ. ಅಲ್ಲಿಂದ ಕೊನೆಯವರೆಗೆ ಇಡೀ ಟಿಪ್ಪಣಿಯನ್ನು ನುಂಗಿಬಿಟ್ಟಿತು. ಪುಟದ ಮೇಲೆ ಬಿಳಿ ಜಾಗ ಮಾತ್ರ ಉಳಿದಿತ್ತು.

ಯಾರಿಗೂ ಗೊತ್ತಿರಲಿಲ್ಲ. ಸೋಮವಾರದವರೆಗೆ ಸುಮ್ಮನಿದ್ದರೆ ಆಗುತ್ತಿತ್ತು.

ಅವಳು ಪಾಸ್ ಆದದ್ದನ್ನು ಹಿಂದಕ್ಕೆ ತೆಗೆದಳು.

ತಂಡದ ಮುಖ್ಯಸ್ಥೆ ಲೊರ್ನಾ ಮೇಡಂ ಕೋಣೆಗೆ ಕರೆದರು. "ಎಂತ ಹುಡುಗಿ ನೀನು? ನಿನ್ನ ಕನ್ಫರ್ಮೇಶನ್ ಮುಂದೆ ಹೋಗ್ತದೆ, ಗೊತ್ತುಂಟಾ?"

"ಗೊತ್ತುಂಟು ಮೇಡಂ."

"ಈ ತಪ್ಪು ಯಾರು ಹೇಳಿದ್ದು?"

"ಯಾರೂ ಹೇಳಲಿಲ್ಲ. ನಜೀಬ್ ಇದ್ದಿದ್ದರೆ ಕೇಳ್ತಿದ್ದರು."

ಲೊರ್ನಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಏನೋ ಹೇಳಲು ಹೊರಟು ನಿಲ್ಲಿಸಿದರು. ಆಮೇಲೆ, "ಅವನು ಶನಿವಾರ ಕಾರ್ಕಳದಲ್ಲಿ ಇರ್ತಾನೆ. ಬಸ್‌ಸ್ಟ್ಯಾಂಡಿನ ಹಿಂದೆ ಅಪ್ಪನ ಗ್ರಾನೈಟ್ ಅಂಗಡಿ. ನಾನು ಹೇಳಿದ್ದಲ್ಲ," ಎಂದರು.

ಶನಿವಾರ ಬೆಳಿಗ್ಗೆ ಕಾರ್ಕಳದ ಬಸ್ಸಿನಲ್ಲಿ ಕೂತಾಗ ಜುಮಾನಾಳ ತಲೆಯಲ್ಲಿ ಒಂದೇ ಮಾತಿತ್ತು. ಬೇಡವೆಂದರೆ ಬೇಡ. ಆದರೆ ಅವನೇ ಬಾಯಿಬಿಟ್ಟು ಹೇಳಲಿ.

ಅಂಗಡಿಯಲ್ಲಿ ಕಲ್ಲು ಕೊಯ್ಯುವ ಯಂತ್ರ ಕಿರುಚುತ್ತಿತ್ತು. ಗೋಡೆಗೆ ಒರಗಿಸಿದ ಕರಿಕಲ್ಲುಗಳ ನಡುವೆ ಬಿಳಿಗಡ್ಡದ ಕುಂಞಾಲಿ ಎದ್ದು ಬಂದರು. ನಜೀಬನ ಬಾಪ.

"ಬಾ ಮಗಳೇ. ಕಲ್ಲು ಅಡುಗೆಮನೆಗಾ, ಮೆಟ್ಟಿಲಿಗಾ?"

"ಎರಡಕ್ಕೂ ಅಲ್ಲ. ನಜೀಬ್ ಇದ್ದಾರಾ?"

"ನಜೀಬನಾ? ಅವನಿಗೆ ಕಲ್ಲಿನ ವಿಷಯ ಒಂದೂ ಗೊತ್ತಿಲ್ಲ. ನನ್ನ ಹತ್ತಿರ ಕೇಳು."

ಯಂತ್ರ ನಿಂತಿತು. ಮೈತುಂಬ ಕಲ್ಲಿನ ಹುಡಿ ಮೆತ್ತಿಕೊಂಡು ನಜೀಬ್ ಹೊರಬಂದ. ಅವಳನ್ನು ಕಂಡು ಅಲ್ಲೇ ನಿಂತ.

"ಇವರು ಆಫೀಸಿನವರು ಬಾಪ."

"ಹಾಗಾ," ಎಂದರು ಕುಂಞಾಲಿ. ಮಗನ ಮುಖವನ್ನು ಒಮ್ಮೆ ನೋಡಿ, "ನಾನು ಚಾ ಹೇಳಿ ಬರ್ತೇನೆ," ಎಂದು ಹೊರಟರು. ಚಾ ಅಂಗಡಿ ಎದುರಿಗೇ ಇತ್ತು. ಅವರು ಬೇರೆ ದಿಕ್ಕಿಗೆ ಹೋದರು.

ಜುಮಾನಾ ಕೂರಲಿಲ್ಲ. "ನನ್ನ ಕೋಡ್ ಕೆಟ್ಟದು ಅಂತಾದರೆ ಎದುರಿಗೇ ಹೇಳಿ. ಮೇಲ್ ಬೇಡ."

"ಕೆಟ್ಟದು ಅಂತ ಯಾರು ಹೇಳಿದ್ದು?"

"ನೀವು ಬಿಟ್ಟಿರಲ್ಲ."

ನಜೀಬ್ ಕೈಯ ಹುಡಿಯನ್ನು ಪ್ಯಾಂಟಿಗೆ ಒರೆಸಿಕೊಂಡ. ಹುಡಿ ಹೋಗಲಿಲ್ಲ. ಇನ್ನೊಮ್ಮೆ ಒರೆಸಿಕೊಂಡ.

"ನಿಮ್ಮ ರಿಪೋರ್ಟ್ ನಾನೇ ಬರೀಬೇಕಿತ್ತು. ಒಳ್ಳೆದು ಅಂತ ಬರೆದರೆ, ನಿಮ್ಮ ಮೇಲಿನ ಇಷ್ಟಕ್ಕೆ ಬರೆದೆನಾ ಅಂತ ನನಗೇ ಸಂಶಯ. ಕೆಟ್ಟದು ಅಂತ ಬರೆದರೆ, ಆ ಇಷ್ಟ ಮುಚ್ಚಲಿಕ್ಕೆ ಬರೆದೆನಾ ಅಂತ... ಅದಕ್ಕೆ ಲೊರ್ನಾ ಮೇಡಂ ಹತ್ತಿರ ಹೇಳಿ ಹೊರಗೆ ಬಂದೆ."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಕಲ್ಲಿನ ಮೇಲೆ ಕೈ ಊರಿದಳು.

"ಎಂತ ಹೇಳಿದ್ದು ಮೇಡಂ ಹತ್ತಿರ?"

"ಈಗ ಹೇಳಿದ್ದೇ."

"ಮೇಡಂಗೆ ಹೇಳಲಿಕ್ಕೆ ಆಯ್ತು. ನನಗೆ ಆಗಲಿಲ್ಲ."

"ನಿಮ್ಮ ಕೆಲಸ ನನ್ನ ಕೈಯಲ್ಲಿ ಇತ್ತು. ಆಗ ಕೇಳಿದರೆ, ಬೇಡ ಅನ್ನಲಿಕ್ಕೆ ನಿಮಗೆ ಹೆದರಿಕೆ ಆಗುವುದಿಲ್ವಾ? ಬಿಟ್ಟ ಮೇಲೂ ಹೇಳಿದರೆ, ಪಾಸ್ ಮಾಡಿಸಿದ್ದು ನಾನೇ ಅಂತ ಜನ ಹೇಳ್ತಾರೆ. ಕನ್ಫರ್ಮ್ ಆದ ದಿನ ಹೇಳುವ ಅಂತ ಇದ್ದೆ. ಸೋಮವಾರ." ಅವನು ನಿಟ್ಟುಸಿರು ಬಿಟ್ಟ. "ನಿನ್ನೆ ನೋಡಿದರೆ ನೀವೇ ಹಿಂದೆ ತೆಗೆದಿದ್ದೀರಿ."

"ನೀವು ಅದನ್ನು ನೋಡಿದಿರಾ?"

"ದಿನಾ ನೋಡ್ತೇನೆ. ಬರೀಲಿಕ್ಕೆ ಮಾತ್ರ ಇಲ್ಲ."

"ಹಾಗಾದರೆ ಆ ಮುಚ್ಚದ ಕೋಟ್..."

"ಬುಧವಾರವೇ ಕಂಡಿತ್ತು. ನಿಮ್ಮ ಕನ್ಫರ್ಮೇಶನ್ ಮುಂದೆ ಹೋದರೂ ಸರಿ ಅಂತ ಸೋಮವಾರ ಬೆಳಿಗ್ಗೆ ಶ್ರವಣನಿಗೆ ಹೇಳುವವನಿದ್ದೆ. ಅದರ ಮೊದಲು ನಿಮಗೇ ಕಾಣ್ತದಾ ಅಂತ ಕಾದೆ."

ಜುಮಾನಾಳಿಗೆ ಅವನನ್ನು ಹೊಡೆಯಬೇಕೆನಿಸಿತು. ಇಷ್ಟು ದಿನ ಅವಳು ನುಂಗಿದ್ದೆಲ್ಲ ಕಣ್ಣಿನಲ್ಲಿ ಬಂದು ನಿಂತಿತು. ಅಳುವುದಿಲ್ಲ ಎಂದುಕೊಂಡಳು. ಅತ್ತಳು.

"ನೀವು ಬೈಯುವುದು ನಿಲ್ಲಿಸಿದ ಮೇಲೆ ನಾನು ಹೇಗಿದ್ದೆ, ಗೊತ್ತುಂಟಾ?"

"ಶ್ರವಣ್ 'ಸೂಪರ್' ಅಂತ ಬರೆದಾಗೆಲ್ಲ ನಾನು ಹೇಗಿದ್ದೆ, ಅದು ನಿಮಗೆ ಗೊತ್ತುಂಟಾ?"

ಅಷ್ಟರಲ್ಲಿ ಕುಂಞಾಲಿ ಚಾ ಹಿಡಿದು ಬಂದರು. ಅವಳ ಕಣ್ಣು ನೋಡಿ, "ಇವನು ಕಲ್ಲಿನ ರೇಟ್ ಹೆಚ್ಚು ಹೇಳಿದನಾ ಮಗಳೇ?" ಎಂದರು. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಉಡುಪಿ ಬಸ್ಸಿಗೆ ಅವನೂ ಹತ್ತಿದ. ಪರ್ಕಳದವರೆಗೆ ಬಂದು ತಿರುಗಿ ಬರುವುದು, ಅಷ್ಟೇ ಕೆಲಸ. ಪಕ್ಕದಲ್ಲಿ ಕೂರುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಆ ದಾರಿಯ ಯಾವ ಬಸ್ಸಿನಲ್ಲೂ ಅವಳ ಊರಿನವರೋ ಅವನ ನೆಂಟರೋ ಒಬ್ಬರಾದರೂ ಇರುತ್ತಾರೆ. ಅವಳು ಮುಂದೆ ಹೆಂಗಸರ ಸೀಟಿನಲ್ಲಿ ಕೂತಳು. ಅವನು ಹಿಂದೆ, ಕಂಬಿ ಹಿಡಿದು ನಿಂತ.

ಪರ್ಕಳ ಹತ್ತಿರವಾಗುವಾಗ ಅವಳ ಫೋನ್ ನಡುಗಿತು. ಹಿಂದೆ ನಿಂತ ನಜೀಬನದೇ ಕರೆ.

"ಎಂತ?" ಅವಳು ತಿರುಗದೆ ಕೇಳಿದಳು.

"ನೀವು ಉತ್ತರ ಹೇಳಲಿಲ್ಲ."

"ಕೇಳಿದ್ದೆಲ್ಲಿ? ಹೇಳಿದ್ದು ಲೊರ್ನಾ ಮೇಡಂ ಹತ್ತಿರ. ನನ್ನ ಹತ್ತಿರ ಕೇಳಿ."

"ಈ ಬಸ್ಸಿನಲ್ಲಾ?"

"ಇದರಲ್ಲೇ."

ಅವನು ಫೋನನ್ನು ಬಾಯಿಗೆ ಇನ್ನಷ್ಟು ಹತ್ತಿರ ಹಿಡಿದ. ಆಮೇಲೆ ಅವನು ಕೇಳಿದ. ಬ್ಯಾರಿ ಭಾಷೆಯಲ್ಲಿ, ಮನೆಯವರೊಡನೆ ಮಾತಾಡುವ ಹಾಗೆ. ನನ್ನನ್ನು ಮದುವೆಯಾಗುತ್ತೀಯಾ ಎಂದು.

"ಕೇಳಲಿಲ್ಲ," ಎಂದಳು ಜುಮಾನಾ. ಕೇಳಿತ್ತು.

ಅವನು ಮತ್ತೆ ಕೇಳಿದ, ಈ ಸಲ ಗಟ್ಟಿಯಾಗಿ. ಹಿಂದಿನ ಸೀಟಿನವರೆಲ್ಲ ತಿರುಗಿ ನೋಡಿದರು. ಟಿಕೆಟ್ ಹರಿಯುತ್ತಿದ್ದ ಕಂಡಕ್ಟರ್ ಕೂಡ.

"ಹೂಂ."

"ಹೂಂ ಅಂದರೆ?"

"ಹೂಂ ಅಂದರೆ ಹೂಂ." ಅವಳು ಕಣ್ಣೊರೆಸಿಕೊಂಡು ಎದ್ದಳು. "ಪರ್ಕಳ ಬಂತು. ನಾನು ಇಳೀತೇನೆ. ನೀನೂ ಇಳಿ."