ಒಂದೇ ಮನೆಯ ಇಬ್ಬರು ಹನ್ನ

"ಅಯ್ಯೋ, ನಿಮ್ಮ ಬಟ್ಟೆ!"

ಇದ್ದಿಲ ಗ್ಯಾಸಿನ ಬಸ್ಸು ಹಲಸೂರು ಕೆರೆಯ ಹತ್ತಿರ ಕೆಟ್ಟು ನಿಂತಿತ್ತು. ಪೆಟ್ರೋಲೆಲ್ಲ ಯುದ್ಧಕ್ಕೆ ಹೋದ ಮೇಲೆ ಇದು ದಿನದ ಪಾಡು. ಗಂಡಸರು ಇಳಿದು ತಳ್ಳಿದರು. ಮತ್ತೆ ಹತ್ತುವಾಗ ಒಬ್ಬ ಯುವಕ ಮುಗ್ಗರಿಸಿ, ಸೀಟಿನಲ್ಲಿ ಕೂತಿದ್ದ ಹುಡುಗಿಯ ತೊಡೆಯ ಮೇಲಿದ್ದ ಗಂಟನ್ನು ಹಿಡಿದುಬಿಟ್ಟ.

ಗಂಟಿನಲ್ಲಿದ್ದವು ಮಿಲಿಟರಿ ಆಸ್ಪತ್ರೆಯ ಬಿಳಿ ಅಂಗಿಗಳು. ಗುಂಡಿ ಹಚ್ಚಿ ರಸೆಲ್ ಮಾರ್ಕೆಟ್ಟಿನ ದರ್ಜಿಗೆ ಒಯ್ಯುತ್ತಿದ್ದಳು. ಮೇಲಿನ ಅಂಗಿಯ ಮೇಲೆ ಈಗ ಐದು ಬೆರಳಿನ ಮಸಿ!

ಅವನು ಒರೆಸಲು ಹೋದ. ಮಸಿ ಇನ್ನಷ್ಟು ಹರಡಿತು. ಅವಳಿಗೆ ಕೋಪ ಬರಬೇಕಿತ್ತು... ನಗು ಬಂತು.

ತನ್ನ ಹೆಸರು ದೇವಸಹಾಯ, ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಎಂದು ಹೇಳಿ, ಅವಳ ಹೆಸರು ಕೇಳಿದ.

"ಹನ್ನ. ಯಾಕೋಬಪ್ಪನೋರ ಮನೆ."

ಹೇಳಿದ ಮೇಲೆ ಅವಳಿಗೇ ಆಶ್ಚರ್ಯ. ಮನೆಯಲ್ಲಿ ಎಲ್ಲರಿಗೂ ಅವಳು ಅನ್ನಮ್ಮ. ಪಕ್ಕದ ಮನೆಯ ದೊಡ್ಡಮುನಿಯಮ್ಮನಂತೂ ಅದು ಪೇಟೆಯ ಅಣ್ಣಮ್ಮ ದೇವರ ಹೆಸರೆಂದೇ ನಂಬಿದ್ದಳು. ದೀಕ್ಷಾಸ್ನಾನದ ಹೆಸರನ್ನು ಅಪರಿಚಿತನಿಗೆ ಯಾಕೆ ಕೊಟ್ಟೆ?

ಮುಂದಿನ ಭಾನುವಾರ ಪಾದ್ರಿ ಅಯ್ಯನವರು ಮನೆಗೆ ಬಂದರು. ದೇವಸಹಾಯ ಈ ಮನೆಯ ಹನ್ನಳನ್ನು ಮದುವೆಗೆ ಕೇಳಿದ್ದಾನೆ ಎಂದರು. ದೊಡ್ಡಪ್ಪ ಯಾಕೋಬಪ್ಪ ತಕ್ಷಣ ಒಪ್ಪಿದ. ಮಗಳು ಆನಿಗೆ ಇದಕ್ಕಿಂತ ಒಳ್ಳೆಯ ಸಂಬಂಧ ಬೇಕೆ?

ಪ್ರತಿಯೊಬ್ಬ ಮಗನ ಮೊದಲ ಹೆಣ್ಣುಕೂಸಿಗೂ ಅಜ್ಜಿ ಹನ್ನಮ್ಮನ ಹೆಸರಿಡುವುದು ಆ ಮನೆಯ ಪದ್ಧತಿ. ಯಾಕೋಬಪ್ಪನ ಮಗಳಿಗೂ, ತೀರಿಕೊಂಡ ಅವನ ತಮ್ಮನ ಮಗಳಿಗೂ ಅದೇ ಹೆಸರು. ಕಾನ್ವೆಂಟಿಗೆ ಹೋದ ಹನ್ನ ಆನಿಯಾದಳು. ಐದನೇ ಕ್ಲಾಸಿಗೆ ಶಾಲೆ ಬಿಟ್ಟ ಹನ್ನ, ಅನ್ನಮ್ಮ.

'ನನ್ನನ್ನೇ ಕೇಳಿರಬಹುದಾ?' ಅಂದುಕೊಂಡಳು ಅನ್ನಮ್ಮ. ಆಮೇಲೆ ತಾನೇ ಉತ್ತರ ಹೇಳಿಕೊಂಡಳು. ಆನಿ ಚರ್ಚಿನಲ್ಲಿ ಮುಂದೆ ನಿಂತು ಹಾಡುವವಳು. ನೋಡಿದವರು ಅವಳನ್ನೇ ನೋಡುತ್ತಾರೆ. ತನ್ನನ್ನು ಸಾಕಿದ ದೊಡ್ಡಪ್ಪನ ಮುಂದೆ, ಅಕ್ಕನಿಗೆ ಬಂದ ವರ ನನ್ನವನು ಎಂದು ಹೇಗೆ ಹೇಳುವುದು?

ಹೇಳಲಿಲ್ಲ. ಆನಿಯ ರವಿಕೆಗೆ ಕೊಕ್ಕೆ ಹಚ್ಚಿಕೊಟ್ಟಳು.

ದೇವಸಹಾಯ ತಾಯಿಯೊಂದಿಗೆ ಬಂದ. ಅನ್ನಮ್ಮ ಪರದೆಯ ಹಿಂದೆ ಕಾಫಿ ತಟ್ಟೆ ಹಿಡಿದು ನಿಂತಳು. ಆನಿ ತಲೆ ತಗ್ಗಿಸಿ ಎದುರಿಗೆ ಕೂತಳು, ಮುಖದ ಮೇಲೆ ಸೆರಗು. ಅವನ ತಾಯಿ ಮುಡಿಸಲೆಂದು ಹೂವನ್ನು ಕೈಗೆ ತೆಗೆದುಕೊಂಡಳು.

ದೇವಸಹಾಯ ಮೆಲ್ಲಗೆ ಕೇಳಿದ, "ಅವತ್ತಿನ ಮಸಿ... ಹೋಯ್ತಾ?"

"ಯಾವ ಮಸಿ?" ಆನಿ ತಲೆ ಎತ್ತಿದಳು.

ಅವನ ಮುಖ ಬಿಳಿಚಿಕೊಂಡಿತು. ತಾಯಿಯ ಕೈಯಲ್ಲಿ ಹೂವು ಹಾಗೇ ಇತ್ತು.

ಅನ್ನಮ್ಮ ತಟ್ಟೆಯನ್ನು ಕೆಳಗಿಟ್ಟಳು. ಈಗ ಸುಮ್ಮನಿದ್ದರೆ ಆ ಹೂವು ಆನಿಯ ಮುಡಿಗೇರುತ್ತದೆ... ಅಷ್ಟೇ.

"ಹೋಯ್ತು," ಎಂದಳು ಪರದೆಯ ಹಿಂದಿನಿಂದ. "ಸೀಗೆಪುಡಿ ಹಾಕಿ ಉಜ್ಜಿದೆ."

ದೊಡ್ಡಪ್ಪ ಎದ್ದು ನಿಂತ. "ಏನಮ್ಮ ಇದು?"

"ಬಸ್ಸಲ್ಲಿ ಹೆಸರು ಹೇಳಿದ್ದು ನಾನು, ದೊಡ್ಡಪ್ಪ." ಅವಳು ಹೊರಗೆ ಬಂದಳು. ಗಂಡಸರ ಮುಂದೆ ಅಷ್ಟು ಮಾತಾಡಿದ್ದು ಅದೇ ಮೊದಲು. "ನನ್ನ ಹೆಸರೂ ಹನ್ನ ಅಲ್ವಾ?"

ದೇವಸಹಾಯ ಅವಳನ್ನೇ ನೋಡುತ್ತಿದ್ದ. ಬೇರೆ ಸಾಕ್ಷಿ ಬೇಕಿರಲಿಲ್ಲ.

ಆನಿಯ ಮುಖ ಒಂದು ಗಳಿಗೆ ಕೆಂಪಾಯಿತು. ಆಮೇಲೆ ಅವಳು ಕುರ್ಚಿ ಬಿಟ್ಟೆದ್ದಳು.

"ಸರಿಹೋಯ್ತು. ರವಿಕೆಗೆ ಕೊಕ್ಕೆ ಹಚ್ಚಿಕೊಟ್ಟು ನನ್ನನ್ನ ಕೂರಿಸಿದ್ದಾಳೆ, ಕಳ್ಳಿ. ಬಾ, ಕೂತ್ಕೋ. ಕಾಫಿ ನಾನು ಕೊಡ್ತೀನಿ."

ದೊಡ್ಡವಳಿರುವಾಗ ಚಿಕ್ಕವಳಿಗೆ ಹೇಗೆ ಎಂದು ದೊಡ್ಡಪ್ಪ ಗೊಣಗಿದ. ತಾನು ಮೊದಲು ನರ್ಸ್ ಕೆಲಸ ಕಲಿಯಬೇಕು, ಅದನ್ನೇ ವರ್ಷದಿಂದ ಹೇಳುತ್ತಿದ್ದೇನೆ ಎಂದಳು ಆನಿ. ದೊಡ್ಡಪ್ಪ ಮತ್ತೆ ಕೂತ. ತಾಯಿ ಹೂವನ್ನು ಅನ್ನಮ್ಮನಿಗೆ ಮುಡಿಸಿದಳು.

ಹೊರಡುವಾಗ ದೇವಸಹಾಯ ಬಾಗಿಲ ಬಳಿ ನಿಂತ.

"ನೀವು ಮಾತಾಡದೇ ಇದ್ದಿದ್ರೆ ಏನು ಮಾಡ್ತಿದ್ನೋ ಗೊತ್ತಿಲ್ಲ... ಇಲ್ಲಿ ಎಲ್ಲಾರೂ ಅನ್ನಮ್ಮ ಅಂತಾರೆ. ನಾನೂ ಹಾಗೇ ಕರೀಲಾ?"

ಅವಳು ತಲೆ ಅಲ್ಲಾಡಿಸಿದಳು.

"ನೀವು ಹನ್ನ ಅನ್ನಿ. ಆ ಹೆಸರು ಹಿಡಿದು ನನ್ನನ್ನ ಹುಡುಕಿಕೊಂಡು ಬಂದಿದ್ದು ನೀವೊಬ್ಬರೇ."