ಒಂದೇ ಪೆಟ್ಟು, ಎರಡು ದವಡೆ

ವಿದ್ಯಾ ಅವನ ಮುಖವನ್ನು ಸರಿಯಾಗಿ ನೋಡುವ ಮೊದಲೇ ಅವನ ದವಡೆ ಮುರಿದಿದ್ದಳು.

ಹಳೇ ಹುಬ್ಬಳ್ಳಿಯ ಇಕ್ಕಟ್ಟಾದ ಓಣಿ. ಮದುವೆಯ ಮೆರವಣಿಗೆ, ಬ್ಯಾಂಡಿನ ಅಬ್ಬರ. ಅಲ್ಲಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ವಿದ್ಯಾ ಪಿ.ಟಿ. ಟೀಚರು. ಕಾಲೇಜಿನ ದಿನಗಳಲ್ಲಿ ಕುಸ್ತಿಯಲ್ಲಿ ಪದಕ ಗೆದ್ದವಳು. ಶಾಲೆ ಬಿಟ್ಟು ಮನೆಗೆ ಹೊರಟವಳಿಗೆ ಆ ಗದ್ದಲದ ನಡುವೆ ಪರಿಚಿತ ಚೀರಾಟ ಕೇಳಿಸಿತು. ಎಂಟನೇ ಕ್ಲಾಸಿನ ಸೌಂದರ್ಯಾ!

ತಿರುಗಿ ನೋಡಿದರೆ, ಕೆಂಪು ಬ್ಯಾಂಡ್ ಕೋಟು ತೊಟ್ಟ ಒಬ್ಬಾತ ಹುಡುಗಿಯ ತೋಳು ಹಿಡಿದು ಎಳೆಯುತ್ತಿದ್ದಾನೆ.

ಮುಂದೇನು ಕೇಳುತ್ತೀರಿ... ಕೇಳುವ ವ್ಯವಧಾನ ಅವಳಿಗೂ ಇರಲಿಲ್ಲ. ನಾಲ್ಕು ಹೆಜ್ಜೆ, ಒಂದು ಮುಷ್ಟಿ. ಎಲುಬು ಲಟಕ್ಕೆಂದದ್ದು ಅವಳ ಬೆರಳಿಗೇ ತಿಳಿಯಿತು. ಆತನ ಕೈಯಲ್ಲಿದ್ದ ಕ್ಲಾರಿನೆಟ್ ಗಟಾರದಲ್ಲಿ ಬಿತ್ತು.

"ಹುಡುಗಿ ಮೈ ಮುಟ್ಟ್ಯಾನಂತ," ಎಂದು ಯಾರೋ ಕೂಗಿದ್ದೇ ತಡ, ಸುತ್ತಲಿದ್ದವರ ಕೈಗಳೆಲ್ಲ ಎದ್ದವು. ಕಾಲುಗಳೂ ಎದ್ದವು. ಬಿದ್ದವನಿಗೆ ಆಳಿಗೊಂದು ಕಲ್ಲು ಎನ್ನುವ ಮಾತು ಸುಳ್ಳಲ್ಲ. ಒಬ್ಬ ಚಪ್ಪಲಿ ಬಿಚ್ಚಿದ, ಇನ್ನೊಬ್ಬ ಪಕ್ಕೆಗೆ ಒದ್ದ. ಕೆಂಪು ಕೋಟಿನ ಮೇಲೆ ರಕ್ತ ಯಾವುದು, ಬಣ್ಣ ಯಾವುದು ಗೊತ್ತಾಗದಂತಾಯಿತು.

ಸೌಂದರ್ಯಾ ವಿದ್ಯಾಳ ಕೈ ಜಗ್ಗಿ ಜಗ್ಗಿ ಅಳುತ್ತಿದ್ದಳು. "ಟೀಚರ್, ಇವ್ರಲ್ರಿ... ನನ್ನ ಹಿಡದಿದ್ದಾಂವ ಓಡಿ ಹೋದ. ಇವ್ರು ನನ್ನ ಬಿಡಿಸಿದಾವ್ರು."

ವಿದ್ಯಾ ಹುಡುಗಿಯನ್ನು ಪಕ್ಕಕ್ಕೆ ಸರಿಸಿದಳು. ಗುಂಪಿನೊಳಗೆ ನುಗ್ಗಿ ಒಬ್ಬೊಬ್ಬರನ್ನೇ ಕಿತ್ತು ಎಸೆದಳು. ಆದರೆ ಅಷ್ಟರಲ್ಲಿ ಆಗುವುದೆಲ್ಲ ಆಗಿಹೋಗಿತ್ತು. ನೆಲದಲ್ಲಿ ಬಿದ್ದಿದ್ದವನು ಊದಿದ ಕಣ್ಣು ತೆರೆದು ಒಮ್ಮೆ ಅವಳನ್ನು ನೋಡಿದ. ಅಷ್ಟೇ. ಬಯ್ಯಲಿಲ್ಲ... ಬಯ್ಯಲು ಬಾಯಿ ಎಲ್ಲಿತ್ತು?

ಅವನ ಹೆಸರು ವಿನೀತ, ಶಾಕೀರ ಕಾಕಾನ ಬ್ಯಾಂಡಿನವನು, ಸತ್ತೂರಿನ ದವಾಖಾನೆಗೆ ಒಯ್ದಿದ್ದಾರೆ ಎಂದು ಸಂಜೆ ತಿಳಿಯಿತು. ಅಲ್ಲಿಗೆ ಓಡಲು ಹೊರಟ ವಿದ್ಯಾಳನ್ನು ಅಣ್ಣ ಪರಮೇಶ ಬಾಗಿಲಲ್ಲೇ ತಡೆದ.

"ನೀ ಬರಬ್ಯಾಡ. ನಾಕ ಮಂದಿ ನೋಡಿದ್ರ ಮನಿ ಮರ್ಯಾದಿ ಏನಾಗಬೇಕು? ನಾನs ಹೋಗಿ ನಿನ್ನ ಪರವಾಗಿ ತಪ್ಪಾತು ಅಂತ ಹೇಳಿ ಬರತೇನಿ."

ಹೋದ, ಬಂದ. "ಕ್ಷಮಿಸ್ಯಾನ. ಆದ್ರ ಜಲ್ಮದಾಗ ನಿನ್ನ ಮಾರಿ ನೋಡೂದಿಲ್ಲ ಅಂದಾನ. ಅವನ ಕಡೆ ಸುಳೀಬ್ಯಾಡ."

ವಿದ್ಯಾ ನಂಬಿದಳು. 'ನನ್ನ ಮುಖ ನೋಡೆಂದು ಯಾವ ಬಾಯಿಂದ ಕೇಳಲಿ?' ಎಂದುಕೊಂಡಳು. ಇನ್ನು ಈ ಕೈ ಯಾರ ಮೇಲೂ ಏಳಬಾರದು ಎಂದು ದೇವರ ಮುಂದೆ ಆಣೆ ಮಾಡಿದಳು.

ಆ ಆಣೆಯ ಲಾಭ ಸಿಕ್ಕಿದ್ದು ಪರಮೇಶನಿಗೆ! ಅಪ್ಪ ತೀರಿಕೊಂಡ ಮೇಲೆ ಕಾಳಿನ ಅಂಗಡಿಯೂ ಅವನದೇ, ಮನೆಯೂ ಅವನದೇ. ಊಟಕ್ಕೆ ತಡವಾದರೆ ತಾಟು ಹಾರುತ್ತಿತ್ತು. ಎದುರು ಮಾತಾಡಿದರೆ ಕೆನ್ನೆಗೆ ಬೀಳುತ್ತಿತ್ತು. ಗಂಡಸರನ್ನು ಎತ್ತಿ ಕೆಡವಬಲ್ಲವಳು ಗೋಡೆಗೆ ಒರಗಿ, ಹಲ್ಲು ಕಚ್ಚಿ ನಿಲ್ಲುತ್ತಿದ್ದಳು. 'ತಿನ್ನು... ನೀನೂ ಒಬ್ಬ ನಿರಪರಾಧಿಗೆ ಹೊಡೆದವಳೇ' ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಅವ್ವ ದೇವಕ್ಕನದು ಒಂದೇ ಮಾತು. "ಹಿರಿಯಣ್ಣ ಅಂದ್ರ ಅಪ್ಪ ಇದ್ದಂಗ, ತಾಳಿಕೋ ನನ್ನವ್ವ."

ಹೀಗೆ ಎರಡು ವರ್ಷ.

ಆಮೇಲೆ ವಿಶಾಲ ಎಂಬ ವರ ನೋಡಲು ಬಂದ. ವರನ ತಾಯಿ ಉಪ್ಪಿಟ್ಟು ಮುಗಿಸಿ, ಚಹಾ ಕುಡಿದು, ಸಾವಕಾಶವಾಗಿ ತೀರ್ಪು ಕೊಟ್ಟರು. "ಹುಡುಗಿ ಛಲೋ ಅದಾಳ. ಆದ್ರ ದವಡಿ ಗಂಡಸರಂಗ ಅಗಲ ಐತಿ. ಈಗೆಲ್ಲಾ ಸೂಜಿ ಬಂದಾವಂತ, ಕೊಯ್ಯೂದಿಲ್ಲ, ಹೊಲಿಯೂದಿಲ್ಲ. ಸಣ್ಣ ಮಾಡಿಸಿದ್ರ ನಮ್ಮದು ಹೂಂ."

ಕೋಳಿ ಕೇಳಿ ಮಸಾಲೆ ಅರೆಯುತ್ತಾರೆಯೇ? ವಿದ್ಯಾ ಬಾಯಿ ತೆರೆಯುವ ಮೊದಲೇ ಪರಮೇಶ ಹೂಂ ಅಂದಿದ್ದ.

ವಿದ್ಯಾನಗರದ ಚರ್ಮದ ಕ್ಲಿನಿಕ್ಕಿನಲ್ಲಿ ಎರಡು ಕುರ್ಚಿ, ನಡುವೆ ಒಂದು ಪರದೆ. ಪರಮೇಶ ಹೊರಗೆ ಕುಳಿತ. ಡಾಕ್ಟರ್ ಆರತಿ ವಿದ್ಯಾಳನ್ನು ಒಳಗೆ ಕೂರಿಸಿ, ಕಿವಿಯ ಕೆಳಗೆ ಎರಡು ಬೆರಳು ಇಟ್ಟರು.

"ಹಲ್ಲು ಗಟ್ಟಿಯಾಗಿ ಕಚ್ಚಿ ಹಿಡೀರಿ... ಹಾಂ. ಎಲುಬಿನ ದೋಷ ಅಲ್ಲ ಇದು. ಅಗಿಯೋ ಸ್ನಾಯು ದಪ್ಪ ಆಗೇದ. ನಿದ್ದ್ಯಾಗ ಹಲ್ಲು ಕಡೀತೀರೇನು?"

"ಅವ್ವ ಹೇಳತಾಳ್ರಿ. ಹಿಟ್ಟಿನ ಗಿರಣಿ ಓಡಿದಂಗ ಸಪ್ಪಳ ಬರತೈತಂತ."

"ಎಷ್ಟು ದಿನದಿಂದ?"

"ಎರಡು ವರ್ಷ ಆತ್ರಿ."

"ಸೂಜಿ ಹಾಕಿದ್ರ ಸ್ನಾಯು ಸಡಿಲ ಆಗತದ. ಎರಡು ಮೂರು ವಾರಕ್ಕ ಮುಖ ಸಣ್ಣ ಕಾಣಲಿಕ್ಕೆ ಶುರು ಆಗತದ. ಆದ್ರ ಐದಾರು ತಿಂಗಳಿಗೆ ಮತ್ತ ಹಾಕಿಸ್ಬೇಕು. ಮೂಲ ಹುಡುಕಿ ಹಲ್ಲು ಕಡಿಯೋದು ನಿಲ್ಲಿಸಿದ್ರ ಒಮ್ಮೊಮ್ಮೆ ತಾನಾಗಿಯೇ ಇಳೀತದ." ಡಾಕ್ಟರು ಅವಳ ಮುಖವನ್ನೇ ನೋಡಿದರು. "ಎರಡು ವರ್ಷದ ಹಿಂದ ಏನಾತು? ಪರದೆ ಆಚೆ ಇನ್ನೊಬ್ಬರು ಕ್ರೀಮ್ ಹಚ್ಚಿಕೊಂಡು ಕುಂತಾರ, ಮೆಲ್ಲಗ ಹೇಳ್ರಿ."

ಎರಡು ವರ್ಷದಲ್ಲಿ ಯಾರೂ ಕೇಳದಿದ್ದ ಪ್ರಶ್ನೆ ಅದು. ವಿದ್ಯಾಳ ಕಟ್ಟೆ ಒಡೆಯಿತು. ಮೆಲ್ಲಗೆ ಹೇಳಬೇಕೆಂಬುದು ನೆನಪೇ ಉಳಿಯಲಿಲ್ಲ.

"ಒಬ್ಬ ನಿರಪರಾಧಿ ದವಡಿ ಮುರದೇನ್ರಿ, ಡಾಕ್ಟರ್. ನನ್ನ ಸಾಲಿ ಹುಡುಗಿನ್ನ ಉಳಿಸಿದಾವ್ರು. ಹೋಗಿ ಕಾಲು ಹಿಡೀಬೇಕಂದ್ರ, ನನ್ನ ಮಾರಿ ನೋಡೂದಿಲ್ಲ ಅಂದಾರಂತ... ದಿನಾ ಮಲಗಿದ ಕೂಡ್ಲೆ ಆ ಎಲುಬು ಮುರಿದ ಸಪ್ಪಳ ಕೇಳತೈತ್ರಿ."

ಪರದೆಯ ಆಚೆ ಕುರ್ಚಿ ಕಿರುಗುಟ್ಟಿತು. ಪರದೆ ಸರಿಯಿತು.

ಎಡದವಡೆಗೆ ಬೆಳ್ಳಗೆ ಮರಗಟ್ಟಿಸುವ ಕ್ರೀಮು ಮೆತ್ತಿಕೊಂಡ ವಿನೀತ ನಿಂತಿದ್ದ! ಕ್ರೀಮಿನ ಕೆಳಗೂ ಕಾಣುವಂತೆ ಆ ಬದಿ ಕುಸಿದಿತ್ತು.

"ನಾ ಯಾವಾಗ ಹಂಗಂದೇನ್ರಿ?"

ವಿದ್ಯಾ ಕುರ್ಚಿಯಿಂದ ಎದ್ದಳು. "ನಮ್ಮಣ್ಣ ಬಂದಿದ್ದ... ತಪ್ಪಾತು ಅಂತ ಕೇಳಾಕ..."

"ಬಂದಿದ್ರು. ದವಾಖಾನ್ಯಾಗ ಡಾಕ್ಟರು ನನ್ನ ಹಲ್ಲಿಗೆ ತಂತಿ ಬಿಗಿದಿದ್ರು, ಮಾತಾಡಾಕ ಬರ್ತಿದ್ದಿಲ್ಲ. ಕಂಪ್ಲೇಂಟ್ ಕೊಟ್ರ 'ಹುಡುಗಿ ಕೈ ಹಿಡದಾನ' ಅಂತ ಟೀಚರs ಬರದು ಕೊಡತಾರ, ಅವರs ಹೇಳಿ ಕಳಿಸ್ಯಾರ ಅಂದ್ರು. ಹೋಗುಮುಂದ ತಂತಿ ಬಿಗಿದ ದವಡಿ ಹಿಡಿದು ಅಮುಕಿ ಹೋದ್ರು."

ವಿದ್ಯಾ ಆ ಕುಸಿದ ದವಡೆಯನ್ನೇ ನೋಡಿದಳು. ಎರಡು ವರ್ಷ ಈ ಮನುಷ್ಯ ತನ್ನನ್ನು ಎಂಥವಳೆಂದು ತಿಳಿದುಕೊಂಡು ಬದುಕಿರಬಹುದು?

"ಮತ್ತ... ಇಲ್ಲಿ ಯಾಕ ಬಂದೀರಿ?"

"ತಗ್ಗು ತುಂಬಸಾಕ್ರಿ. ಕನ್ಯಾ ನೋಡಾಕ ಹೋದಲ್ಲೆಲ್ಲಾ ಯಾರು ಹೊಡದಾರ ಅಂತ ಕೇಳತಾರ. ಹೆಣ್ಮಗಳು ಅಂದ್ರ ನಗತಾರ. ಸುಳ್ಳು ಹೇಳಾಕ ನನಗ ಬರಂಗಿಲ್ಲ."

ಧ್ವನಿ ಕೇಳಿ ಪರಮೇಶ ಬಾಗಿಲು ದೂಡಿ ಬಂದ. ವಿನೀತನನ್ನು ಕಂಡವನ ಮುಖ ಕಪ್ಪಿಟ್ಟಿತು.

"ಲೇ, ನಿನಗ ಅವತ್ತs ಏನ ಹೇಳಿದ್ದೆ?"

ಕೊರಳಪಟ್ಟಿ ಹಿಡಿದು ಎಳೆದ. ಟ್ರಾಲಿ ಉರುಳಿತು, ಗಾಜಿನ ಬಾಟಲಿಗಳು ನೆಲಕ್ಕೆ ಬಿದ್ದು ಚೂರಾದವು. ವಿನೀತನ ತಲೆ ಗೋಡೆಗೆ ಬಡಿಯಿತು. ಏಳಲು ಹೋದವನ ಹೊಟ್ಟೆಗೆ ಪರಮೇಶನ ಮೊಣಕಾಲು ಬಿತ್ತು. ವಿನೀತನ ಅಂಗೈ ಗಾಜಿನ ಮೇಲೆ ಊರಿ ರಕ್ತ ಹರಿಯಿತು. ಡಾಕ್ಟರು ನಡುವೆ ಬಂದರೆ ಅವರನ್ನೂ ದೂಡಿದ. ಆಮೇಲೆ ಬಲಗೈ ಹಿಂದಕ್ಕೆ ಎಳೆದು, ಸರಿಯಾಗಿ ಆ ಮುರಿದು ಕೂಡಿದ ದವಡೆಗೇ ಗುರಿ ಹಿಡಿದ.

ಮುಷ್ಟಿ ಬೀಸಿತು.

ಬಿದ್ದದ್ದು ವಿದ್ಯಾಳ ದವಡೆಗೆ.

ನಡುವೆ ಬಂದು ನಿಂತಿದ್ದಳು. ತುಟಿ ಒಡೆದು ರಕ್ತ ಗದ್ದಕ್ಕೆ ಇಳಿಯಿತು. ಆದರೆ ಅವಳು ಒಂದು ಹೆಜ್ಜೆಯೂ ಹಿಂದೆ ಸರಿಯಲಿಲ್ಲ. ವರನ ತಾಯಿಗೆ ಬೇಡವಾಗಿದ್ದ ಆ ಅಗಲ ದವಡೆ ಪೆಟ್ಟನ್ನು ಪೂರ್ತಿ ನುಂಗಿಕೊಂಡಿತು. ಕೈ ಝುಮ್ಮೆಂದು ಹಿಂದಕ್ಕೆಳೆದವನು ಪರಮೇಶನೇ.

"ಆತೇನಣ್ಣಾ?"

ಅವನು ಇನ್ನೊಂದು ಕೈ ಎತ್ತಿದ. ಅವಳು ಆ ಮಣಿಕಟ್ಟು ಹಿಡಿದಳು, ತಿರುಚಿದಳು, ಸೊಂಟಕ್ಕೆ ಹೇರಿ ನೆಲಕ್ಕೆ ಕೆಡವಿದಳು. ಬೆನ್ನ ಮೇಲೆ ಮೊಣಕಾಲು ಊರಿ, ತೋಳು ಮಡಿಸಿ ಹಿಡಿದಳು. ಇನ್ನೊಂದು ಬೆರಳಷ್ಟು ಎತ್ತಿದರೆ ಭುಜ ಕಳಚುತ್ತದೆ. ಅದು ಅವಳಿಗೂ ಗೊತ್ತು, ಅವನಿಗೂ ಗೊತ್ತಾಯಿತು.

"ಬಿಡವಾ, ಬಿಡು... ಮುರೀತೈತಿ..."

"ಮುರೀಬಹುದು. ಮುರಿದ ಸಪ್ಪಳ ಹೆಂಗಿರತೈತಿ ನನಗ ಗೊತ್ತೈತಿ. ಅದಕ್ಕs ಬಿಡಾಕತ್ತೇನಿ." ಅವಳು ತೋಳು ಬಿಟ್ಟು ಎದ್ದಳು. "ನನ್ನ ಹೆಸರಲೆ ಒಬ್ಬರಿಗೆ ಬೆದರಿಕಿ ಹಾಕಿದಿ. ಎರಡು ವರ್ಷ ನನ್ನ ಕೆನ್ನಿಗೆ ಹೊಡದಿ. ಇವತ್ತಿಗೆ ಮುಗೀತು."

ಪರಮೇಶ ಕೈ ಹಿಡಿದುಕೊಂಡು, ಯಾರ ಮುಖವನ್ನೂ ನೋಡದೆ ಹೋದ.

ಡಾಕ್ಟರ್ ಆರತಿ ಸೀರೆಯ ಗಾಜು ಕೊಡವಿಕೊಂಡು, ಇಬ್ಬರ ದವಡೆಯನ್ನೂ ಒಂದೊಂದಾಗಿ ನೋಡಿದರು. "ಬಾತ ಮುಖಕ್ಕ ಸೂಜಿ ಹಾಕಂಗಿಲ್ಲ. ಇವತ್ತ ಇಬ್ಬರಿಗೂ ಬರೇ ಬರ್ಫು."

ಒಂದೇ ಬೆಂಚಿನ ಮೇಲೆ, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಐಸ್ ಚೀಲ. ವಿನೀತನ ಅಂಗೈಗೆ ಬ್ಯಾಂಡೇಜು ಕಟ್ಟಿತ್ತು. 'ನನ್ನಿಂದ ಇವರಿಗೆ ಎರಡನೇ ಸಲ ರಕ್ತ ಬಂತು...' ವಿದ್ಯಾಳ ಕಣ್ಣೀರು ಐಸಿನ ನೀರಿನೊಂದಿಗೆ ಬೆರೆತು ಇಳಿಯಿತು.

ಅಲ್ಲಿಂದ ಎದ್ದವಳು ನೇರವಾಗಿ ಪೊಲೀಸ್ ಠಾಣೆಗೆ ಹೋದಳು. ಎರಡು ಅರ್ಜಿ ಬರೆದಳು. ಒಂದು ಅಣ್ಣನ ಮೇಲೆ. ಇನ್ನೊಂದು ತನ್ನ ಮೇಲೇ!

ಇನ್ಸ್‌ಪೆಕ್ಟರು ಎರಡನೆಯದನ್ನು ಎರಡು ಸಲ ಓದಿದರು. "ನಿಮ್ಮ ಮ್ಯಾಲ ನೀವs ಬರದೀರಲ್ರೀ ಟೀಚರ್?"

"ಹೊಡದಾಕಿ ನಾನs ಅದೇನ್ರಿ."

ಮರುದಿನ ವಿನೀತನಿಗೆ ಕರೆ ಹೋಯಿತು. ಬ್ಯಾಂಡಿನ ಯಜಮಾನ ಶಾಕೀರ ಕಾಕಾನೂ ಜತೆಗೆ ಬಂದಿದ್ದ. ಠಾಣೆಯಲ್ಲಿ ಕಾದು ಕುಳಿತಿದ್ದ ವಿದ್ಯಾ ಎದ್ದು ನಿಂತಳು. ಅವಳ ದವಡೆ ನೀಲಿಗಟ್ಟಿತ್ತು.

"ಪೆಟ್ಟು ತಿಂದಾವ್ರು ನೀವು. ನಿಮ್ಮ ದೂರು ಐತೇನು?" ಇನ್ಸ್‌ಪೆಕ್ಟರು ಕೇಳಿದರು.

"ಐತ್ರಿ."

ವಿದ್ಯಾ ಮನಸ್ಸು ಗಟ್ಟಿಮಾಡಿಕೊಂಡಳು. 'ಬರಲಿ... ಏನು ಬಂದರೂ ಬರಲಿ.'

"ಎರಡು ವರ್ಷ ದಾರಿ ನೋಡಿದೆ, ಇವರು ಒಮ್ಮೆನೂ ನನ್ನ ನೋಡಾಕ ಬರಲಿಲ್ಲ. ಇದೊಂದs ದೂರು. ಉಳಿದದ್ದು ಬಿಟ್ಟೇನ್ರಿ."

"ಬೆದರಿಕಿ ಹಾಕಿಸಿದಾಕಿ ಅಂತ ತಿಳಿದೂ ದಾರಿ ನೋಡಿದಿರೇನು?" ವಿದ್ಯಾ ಕೇಳಿದಳು.

ವಿನೀತ ತಲೆ ತಗ್ಗಿಸಿದ. "ಅವತ್ತು ಅಷ್ಟು ಜನ ಹೊಡಿಯುಮುಂದ, ಎಲ್ಲಾರನ್ನೂ ಕಿತ್ತು ಒಗದು ಬಂದಾಕಿ ಒಬ್ಬಾಕಿನs. ಆ ಮಾರಿಗೂ ಆ ಬೆದರಿಕಿ ಮಾತಿಗೂ ಎಷ್ಟು ತಿಳ್ಕೊಂಡ್ರೂ ತಾಳ ಕೂಡ್ತಿದ್ದಿಲ್ರಿ."

ಶಾಕೀರ ಕಾಕಾ ಗಂಟಲು ಸರಿಮಾಡಿಕೊಂಡು ಹೊರಗೆ ನಡೆದ. ವಿದ್ಯಾ ಠಾಣೆಯ ನಡುವೆಯೇ, ಪೇದೆಗಳ ಎದುರಿಗೇ, ಕೈ ಮುಗಿದು ಅತ್ತಳು.

ವಿದ್ಯಾಳ ಮೇಲಿನ ಅರ್ಜಿ ಅಲ್ಲಿಗೇ ನಿಂತಿತು, ಪರಮೇಶನ ಮೇಲೆ ಕೇಸಾಯಿತು. ವಿಶಾಲನ ಮನೆಯವರು ಸಂಬಂಧ ಮುರಿದರು. ವಿದ್ಯಾ ಶಾಲೆಯ ಹತ್ತಿರ ಎರಡು ಕೋಣೆಯ ಮನೆ ಹಿಡಿದಳು. ಹೊರಡುವ ದಿನ ದೇವಕ್ಕ ತನ್ನ ಟ್ರಂಕನ್ನೂ ಎತ್ತಿಕೊಂಡು ಬಂದಳು. "ತಾಳಿಕೋ ಅಂತ ಹೇಳಿ ಹೇಳಿ ನಾನs ನಿನ್ನ ದವಡಿ ಕೆಡಿಸಿದೆ. ನಡಿ, ನಾನೂ ಬರತೇನಿ."

ಇತ್ತ ವಿನೀತ ಕ್ಲಾರಿನೆಟ್ ಊದಿದರೆ ಬಾಯಿಯ ಎಡಬದಿಯಿಂದ ಗಾಳಿ ಸೋರುತ್ತಿತ್ತು. ಶನಿವಾರ ಶಾಲೆ ಮಧ್ಯಾಹ್ನಕ್ಕೇ ಬಿಡುತ್ತದಲ್ಲ, ವಿದ್ಯಾ ಸೀದಾ ಬ್ಯಾಂಡಿನ ಅಂಗಡಿಗೆ ಬರತೊಡಗಿದಳು. ಡಾಕ್ಟರು ಬರೆದುಕೊಟ್ಟ ದವಡೆಯ ವ್ಯಾಯಾಮವನ್ನು ಎಂಟನೇ ಕ್ಲಾಸಿನವರಿಗೆ ಮಾಡಿಸುವಂತೆಯೇ ಮಾಡಿಸಿದಳು.

"ಬಾಯಿ ತಗೀರಿ. ಹತ್ತು ಎಣಸೂತನಾ ಹಂಗs ಇರ್ರಿ. ನಗಬ್ಯಾಡ್ರಿ."

"ನೀವು ಹಿಂಗ ಗುರುಗುಟ್ಟಿ ನೋಡಿದ್ರ ನಗು ಬರದs ಇರತೈತೇನ್ರಿ?"

ಎಂಟು ತಿಂಗಳಲ್ಲಿ ಗಾಳಿ ಸೋರುವುದು ನಿಂತಿತು. ತಗ್ಗು ಮಾತ್ರ ಹಾಗೆಯೇ ಇತ್ತು. ಒಂದು ಶನಿವಾರ ವಿದ್ಯಾಳೇ ಕೇಳಿದಳು. "ಡಾಕ್ಟರ್ ಕಡೆ ಹೋಗೂದಿಲ್ಲೇನು? ಒಂದು ಸೂಜಿಗೆ ತುಂಬತೈತಿ."

"ಯಾರಿಗೆ ತೋರ್ಸಾಕ? ಕನ್ಯಾ ನೋಡೂದು ಬಿಟ್ಟು ಎಂಟು ತಿಂಗಳಾತು."

"ಯಾಕ?"

ವಿನೀತ ಕ್ಲಾರಿನೆಟ್ ಕೆಳಗಿಟ್ಟ. "ಹೊಡದಾಕಿ ಯಾರು ಅಂತ ಕೇಳದ ಕನ್ಯಾ ಒಬ್ಬಾಕಿನs ಅದಾಳ, ವಿದ್ಯಾ. ನೀ ಹೂಂ ಅಂದ್ರ ಶಾಕೀರ ಕಾಕಾನ್ನ ನಿಮ್ಮ ಅವ್ವನ ಕಡೆ ಕಳಸ್ತೇನಿ."

ವಿದ್ಯಾ ಕೈ ಎತ್ತಿದಳು. ಬೆರಳು ಮಡಚಿ, ಆ ತಗ್ಗಿಗೆ ಮೆಲ್ಲಗೆ ತಾಗಿಸಿದಳು. ಅವಳ ಗೆಣ್ಣುಗಳು ಅಲ್ಲಿ ಸರಿಯಾಗಿ ಕೂತವು. ಕೂರದೆ ಏನು, ಮಾಡಿದ್ದು ಅವೇ ತಾನೆ? ಕಣ್ಣು ತುಂಬಿ ಬಂದರೂ ಅವಳ ಹಲ್ಲುಗಳು ಬಿಗಿಯಲಿಲ್ಲ.

"ಹೂಂ," ಎಂದಳು. "ಅವ್ವ ಮುಂಜಾನೆ ಒಂದು ಮಾತು ಹೇಳಿದ್ಳು. ತಿಂಗಳಾತಂತ, ಗಿರಣಿ ಸಪ್ಪಳ ಇಲ್ಲಂತ."

ಅವನು ಅವಳ ಮುಖವನ್ನು ಸಾವಕಾಶವಾಗಿ ನೋಡಿದ. ದವಡೆ ಇಳಿದಿತ್ತೋ ಇಲ್ಲವೋ, ಅವನಿಗೆ ಅದರ ಲೆಕ್ಕ ಬೇಕಿರಲಿಲ್ಲ.

"ಮದ್ವಿ ಆದಮ್ಯಾಲ ಮತ್ತ ಗಿರಣಿ ಓಡಿದ್ರ?"

"ಎಬ್ಬಸು."

"ನಿದ್ದ್ಯಾಗ ಹೊಡದಿ ಅಂದ್ರ?"

"ಈ ಸಲ ಯಾರು ಅಂತ ನೋಡಿನs ಹೊಡೀತೇನಿ."

ವಿನೀತ ನಕ್ಕ. ಅವಳ ಮುಷ್ಟಿಯನ್ನು ದವಡೆಯಿಂದ ತೆಗೆಯಲಿಲ್ಲ, ಅದರ ಮೇಲೆ ತನ್ನ ಅಂಗೈ ಇಟ್ಟ. "ಎಬ್ಬಸೂದಿಲ್ಲ. ನಿನ್ನ ದವಡಿ ಮ್ಯಾಲ ಹಿಂಗ ಕೈ ಇಟ್ಟುಕೊಂಡು ಕುಂದರತೇನಿ, ತಾನs ನಿಲ್ಲೂತನಾ."