ಅರಸರ ಅಳತೆಯ ಎದೆ

1558ರ ಮಾರ್ಚ್ 9. ಬೆಳಿಗ್ಗೆ ಎಂಟೂವರೆಗೆ ಚಿತ್ರಕಾರ ಅರ್ನೇದೊ ವಯ್ಯಾದೊಲಿದ್ ನಗರದ ಠಾಣೆಗೆ ಬಂದು ದೂರು ಕೊಟ್ಟ. ಅರಸರ ಚಿತ್ರ ಬರೆಯಲೆಂದು ಅರಮನೆ ಕಳಿಸಿದ್ದ ಚಿನ್ನದ ಕೆತ್ತನೆಯ ಉಕ್ಕಿನ ಕವಚ ಅವನ ಚಿತ್ರಶಾಲೆಯಿಂದ ಕಳುವಾಗಿತ್ತು. ಮರುದಿನ ಮಧ್ಯಾಹ್ನದೊಳಗೆ ಅದನ್ನು ಅರಮನೆಗೆ ಹಿಂದಿರುಗಿಸಬೇಕಿತ್ತು.

ಠಾಣಾಧಿಕಾರಿ ಬಾಲ್ತಾಸಾರ್ ಪೇದೆ ತೆಲ್ಲೊನನ್ನು ಕರೆದುಕೊಂಡು ಹೋಗಿ ಸ್ಥಳದ ಪಂಚನಾಮೆ ಮಾಡಿದ. ಬೀಗ ಒಡೆದಿರಲಿಲ್ಲ. ಪಕ್ಕದಲ್ಲೇ ಇದ್ದ ಬೆಳ್ಳಿ ಬಟ್ಟಲನ್ನು ಕಳ್ಳ ಮುಟ್ಟಿರಲಿಲ್ಲ. ಕವಚದೊಳಗೆ ತೊಡುವ, ಬೆವರು ನಾರುವ ಹತ್ತಿಯ ಒಳಂಗಿಯೂ ಕಾಣೆಯಾಗಿತ್ತು.

"ಮಾರೋಕೆ ಕದ್ದವನಿಗೆ ಆ ನಾತದ ಅಂಗಿ ಯಾಕೋ?" ಬಾಲ್ತಾಸಾರ್ ಕೇಳಿದ.

"ಚಳಿಗೇನೋ, ಸಾಹೇಬ್ರೆ" ಎಂದ ತೆಲ್ಲೊ.

"ನಿನ್ನ ತಲೆ. ತೊಟ್ಕೊಳ್ಳೋಕೆ ಒಯ್ದಿದ್ದಾನೆ."

ಕವಚವೇನು ಸಿಕ್ಕವರು ಹೊದೆಯುವ ಶಾಲೇ? ಅಳತೆ ಕೊಟ್ಟವನಿಗಷ್ಟೇ ಕೂರುತ್ತದೆ.

"ಚಿತ್ರಕ್ಕೆ ಅರಸರು ಇಲ್ಲಿ ಬಂದು ನಿಲ್ತಿದ್ರಾ?" ಎಂದು ಬಾಲ್ತಾಸಾರ್ ಅರ್ನೇದೊನನ್ನು ಕೇಳಿದ.

"ಅವರೆಲ್ಲಿ ಬರ್ತಾರೆ! ಮುಖಾನ ಅರಮನೇಲಿರೋ ಹಳೇ ಚಿತ್ರ ನೋಡಿ ಬರ್ಕೊಂಡೆ. ಮೈಗೆ ಅದೇ ಅಳತೆಯವನೊಬ್ಬನ್ನ ನಿಲ್ಲಿಸಿದ್ದೆ. ಕ್ವಿಲೆಸ್ ಅಂತ, ಸಂತೆಯ ಹಮಾಲ."

ಹಿಂದಿನ ದಿನ ಸಂಜೆ ಕ್ವಿಲೆಸ್ ಚಿತ್ರಶಾಲೆಯಿಂದ ಮೂಟೆ ಹೊತ್ತು ಹೋದದ್ದನ್ನು ಸಂತೆಬೀದಿಯಲ್ಲಿ ಹತ್ತು ಜನ ಕಂಡಿದ್ದರು. ಹಮಾಲನ ಬೆನ್ನ ಮೇಲಿನ ಮೂಟೆಯಲ್ಲಿ ಏನಿದೆಯೆಂದು ಯಾರು ಕೇಳುತ್ತಾರೆ?

ಹನ್ನೊಂದು ಗಂಟೆಗೆ ಅವನ ಕೋಣೆಯ ಬಾಗಿಲು ತಳ್ಳಿದರು. ಕ್ವಿಲೆಸ್ ಕವಚ ತೊಟ್ಟು, ರಾಜದಂಡದ ಬದಲು ಪೊರಕೆ ಹಿಡಿದು ನಿಂತಿದ್ದ. ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದ ಹೆಂಡತಿ ಸಾಂಚಾ ದಿಂಬಿಗೊರಗಿ ನೋಡುತ್ತಿದ್ದಳು. ಬೆನ್ನ ಪಟ್ಟಿಗಳನ್ನು ಅವಳ ನಿತ್ರಾಣದ ಕೈಗಳೇ ಬಿಗಿದಿದ್ದವು. ಎರಡು ಸಡಿಲವಾಗಿ ನೇತಾಡುತ್ತಿದ್ದವು.

ಬಾಲ್ತಾಸಾರ್ ಬೇಗನೆ ಒಳಗಿನಿಂದ ಬಾಗಿಲು ಮುಚ್ಚಿದ. ಕಳವಿಗೆ ಐದು ವರ್ಷ ಹಡಗಿನಲ್ಲಿ ಹುಟ್ಟು ಹಾಕುವ ಶಿಕ್ಷೆ. ಅರಸನ ವೇಷ ಹಾಕಿದವನಿಗೆ ನೇಣು.

"ಥೇಟ್ ರಾಜರ ಥರಾನೇ ಕಾಣ್ತಾರಲ್ವಾ, ಸ್ವಾಮಿ?" ಎಂದಳು ಸಾಂಚಾ.

"ಆ ಮಾತು ಇನ್ನೊಂದ್ಸಲ ಬಾಯಿಂದ ಬರ್ಬಾರ್ದು, ತಾಯಿ. ತೆಲ್ಲೊ, ಮೊದ್ಲು ಪಟ್ಟಿ ಬಿಚ್ಚು. ಪಂಚರನ್ನ ಆಮೇಲೆ ಕರಿ."

ಪಟ್ಟಿಗಳು ಒಂದೊಂದಾಗಿ ಬಿಚ್ಚಿಕೊಂಡವು.

"ಯಾಕೋ ಹೀಗ್ಮಾಡ್ದೆ?"

"ನಲವತ್ತು ದಿನ ನಿಂತೆ, ಸ್ವಾಮಿ. ಚಿತ್ರದಲ್ಲಿ ಎದೆ ನಂದು, ಕಾಲು ನಂದು. ಮುಖ ಮಾತ್ರ ಅವರ್ದು. ಹೇಳಿದ್ರೆ ಇವಳು ನಗೋಳು. ಅರಮನೆಗೆ ಹೋಗಿ ನೋಡೋಕಾಗುತ್ತಾ ಇವಳ ಕೈಲಿ? ಒಂದ್ಸಲ ತೋರಿಸಿ, ಇವತ್ತು ಸಂಜೆಗೆ ವಾಪಸ್ ಇಡೋಣ ಅಂದ್ಕೊಂಡಿದ್ದೆ."

ಹನ್ನೆರಡು ಗಂಟೆಗೆ ಕ್ವಿಲೆಸ್‌ನನ್ನು ದಸ್ತಗಿರಿ ಮಾಡಿದರು. ಕವಚ ಮಂಚದಡಿ ಮೂಟೆಯಲ್ಲಿ ಸಿಕ್ಕಿತೆಂದು ಬಾಲ್ತಾಸಾರ್ ಪಂಚನಾಮೆಯಲ್ಲಿ ಬರೆಸಿದ. ಕಳವಿನ ಕಾರಣ ಬರೆಯುವಲ್ಲಿ ತೆಲ್ಲೊನ ಲೇಖನಿ ನಿಂತಿತು.

"ಹೆಂಡತಿಗೆ ತೋರಿಸಲು ಅಂತ ಬರಿ."

ಹರಕು ಅಂಗಿಯ ಕ್ವಿಲೆಸ್ ಹೊಸ್ತಿಲಲ್ಲಿ ಒಮ್ಮೆ ತಿರುಗಿದ. ಸಾಂಚಾ ಈ ಸಲ ನಗಲಿಲ್ಲ.